ಅಪ್ಪನ ನಂಬರಿನ ವಾಚ್

ಬೆಡ್‌ಶೀಟಿನ ಒಂದು ತುದಿ ಅಮ್ಮನ ಕೈಯಲ್ಲಿತ್ತು, ಇನ್ನೊಂದು ಪೀಪಿಯ ಕೈಯಲ್ಲಿ. ಇನ್ನೇನು ಮಡಿಚಬೇಕು, ಪೀಪಿಯ ಮಣಿಕಟ್ಟಿನ ವಾಚ್ ಗುರ್ರ್ ಎಂದಿತು. ಬೆಡ್‌ಶೀಟು ಅವಳ ಕೈಜಾರಿ ನೆಲಕ್ಕೆ ಬಿತ್ತು.

“ಎತ್ಬೇಡ್ವೇ. ಅದು ಅಪ್ಪನಿಗೆ ಬಂದಿರೋ ಕಾಲ್,” ಎಂದಳು ಅಮ್ಮ. ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಕೇಳಿ ಅಡುಗೆಮನೆಗೆ ಓಡಿದಳು.

ಹುಟ್ಟಿದಾಗ ಪೀಪಿ ಊದಿದ ಹಾಗೆ ಅತ್ತಳಂತೆ, ಅದಕ್ಕೇ ಆ ಹೆಸರು. ಇಟ್ಟವನು ಅಪ್ಪ. ಅವನು ವೆಲ್ಡರ್. ಈಗ ದೂರದ ನದಿಯೊಂದಕ್ಕೆ ಸೇತುವೆ ಕಟ್ಟುತ್ತಿದ್ದಾನೆ. ಕಿಡಿ ಹಾರುವ ಕೆಲಸ, ಕೈಗೆ ವಾಚ್ ಕಟ್ಟುವಂತಿಲ್ಲ. ಹೊರಡುವಾಗ ಅದನ್ನು ಪೀಪಿಯ ಕೈಗೆ ಕಟ್ಟಿದ್ದ.

“ಇದರೊಳಗೆ ಇಸಿಮ್ ಇದೆ. ಕಾರ್ಡೇ ಇಲ್ಲದ ಸಿಮ್. ಫೋನಲ್ಲೂ ನನ್ನ ನಂಬರೇ, ಇದರಲ್ಲೂ ಅದೇ. ನನಗೆ ಕಾಲ್ ಬಂದ್ರೆ ಎರಡೂ ಒಟ್ಟಿಗೆ ರಿಂಗ್ ಆಗುತ್ತೆ. ನೀನು ಎತ್ಬೇಡ, ಆಯ್ತಾ?”

ಅಂದಿನಿಂದ ವಾಚ್ ಗುರ್ರ್ ಎಂದಾಗಲೆಲ್ಲ ಪೀಪಿಯ ಕಿವಿ ನಿಮಿರುತ್ತಿತ್ತು. ರಿಂಗ್ ನಿಂತರೆ ಅಲ್ಲಿ ಅಪ್ಪ ‘ಹಲೋ’ ಎಂದಿರುತ್ತಾನೆ. ಯಾರೋ ಆ ದನಿ ಕೇಳುತ್ತಿರುತ್ತಾರೆ. ಅವಳಲ್ಲ.

ಸ್ಕೂಲಿನಲ್ಲಿ ಊಟದ ಬೆಲ್ ಹೊಡೆದಾಗ ಅವಳೂ ವಾಚಿನಿಂದ ಅಪ್ಪನಿಗೆ ಕಾಲ್ ಮಾಡುವಳು. ಪ್ರತಿ ಸಲವೂ ಬಿಜಿ. ಊರವರ ಜೊತೆಗೆಲ್ಲ ಮಾತಾಡೋಕೆ ಟೈಮ್ ಇದೆ, ನನಗೆ ಮಾತ್ರ ಇಲ್ಲ! ಪೀಪಿ ಮುಖ ಊದಿಸಿಕೊಂಡಳು. ಸಂಜೆ ಅಪ್ಪನ ಕಾಲ್ ಬಂದು ಅಮ್ಮ ಫೋನ್ ಚಾಚಿದರೆ, “ಹೋಮ್‌ವರ್ಕ್ ಇದೆ” ಎಂದು ಬೆನ್ನು ತಿರುಗಿಸುವಳು. ಮಲಗುವಾಗ ಮಾತ್ರ ವಾಚನ್ನು ಕಿವಿಗೆ ಒತ್ತಿಕೊಳ್ಳುವಳು.

ಇವತ್ತು ವಾಚ್ ಸುಮ್ಮನಾಗಲೇ ಇಲ್ಲ. ಅಪ್ಪ ಯಾಕೆ ಎತ್ತುತ್ತಿಲ್ಲ? ಪೀಪಿ ಹಸಿರು ಬಟನ್ ಒತ್ತಿಯೇಬಿಟ್ಟಳು.

“ಏನಯ್ಯಾ ವೆಲ್ಡರ್, ಇನ್ನೂ ಗೊರಕೆನಾ? ನಾನು ಆಗಲೇ ಕ್ರೇನ್ ಹತ್ತಿ ಕೂತಾಯ್ತು.”

“ಅಂಕಲ್, ನಾನು ಅಪ್ಪ ಅಲ್ಲ. ಮಗಳು.”

“ಓಹೋ, ಪೀಪಿನಾ?” ಕ್ರೇನ್ ಅಂಕಲ್ ನಕ್ಕರು. “ಅಂತೂ ಸಿಕ್ಕಿದೆಯಲ್ಲ ತಾಯೀ. ಊಟದ ಹೊತ್ತಿಗೆ ನಿಮ್ಮಪ್ಪ ಫೋನ್ ಎದುರಿಟ್ಕೊಂಡು ಕೂತಿರ್ತಾನೆ. ತಿನ್ನಯ್ಯಾ ಅಂದ್ರೆ, ‘ತಡಿ, ಮಗಳು ಮಾಡ್ಬಹುದು’ ಅಂತಾನೆ.”

“ನಾನು ದಿನಾ ಮಾಡ್ತೀನಿ. ಯಾವಾಗಲೂ ಬಿಜಿ.”

“ಯಾವುದರಿಂದ ಮಾಡ್ತೀಯ?”

“ಈ ವಾಚಿಂದಾನೇ.”

“ಅಯ್ಯೋ ಹುಚ್ಚುಡುಗಿ, ಎರಡರಲ್ಲೂ ಇರೋದು ಒಂದೇ ನಂಬರ್ ಅಲ್ವಾ? ಅವನ ನಂಬರಿಂದ ಅವನಿಗೇ ಮಾಡಿದ್ರೆ ಹೇಗೆ ಹೋಗುತ್ತೆ? ನಿನ್ನ ಹೆಗಲ ಮೇಲೆ ನೀನೇ ಹತ್ತಿ ಕೂತ್ಕೊಳ್ಳೋಕಾಗುತ್ತಾ? ಅಗೋ, ಬಂದ ನೋಡು ನಿಮ್ಮಪ್ಪ. ಅಮ್ಮನ ಫೋನಿಂದ ಮಾಡು, ಬೇಗ.”

ಪೀಪಿ ಬೆಡ್‌ಶೀಟು ದಾಟಿ ಓಡಿದಳು. ಅಮ್ಮನ ಫೋನಿನಿಂದ ಕಾಲ್ ಮಾಡಿದ ಕೂಡಲೇ ಅವಳ ಮಣಿಕಟ್ಟೂ ಗುರ್ರ್ ಎಂದಿತು. ಇದೇ ನಡುಕ ಈಗ ಅಪ್ಪನ ಜೇಬಿನಲ್ಲೂ.

“ಹಲೋ? ಏನೇ, ಬೆಳಿಗ್ಗೆ ಬೆಳಿಗ್ಗೇನೇ?” ಅಪ್ಪ ಅಮ್ಮನೆಂದುಕೊಂಡಿದ್ದ.

ಬುತ್ತಿ ಬಿಚ್ಚದೆ ಫೋನ್ ನೋಡುತ್ತಾ ಕೂತ ಅಪ್ಪ ಪೀಪಿಯ ಕಣ್ಣಿಗೆ ಕಟ್ಟಿದ. ಸಂಜೆಯಾದರೆ ಅವನ ಕಿವಿಗೆ ಬೀಳುತ್ತಿದ್ದದ್ದು ಅವಳ ಅದೇ ಎರಡು ಮಾತು.

“ಅಪ್ಪಾ,” ಎಂದಳು ಮೆಲ್ಲಗೆ, “ನಾನು ಹೋಮ್‌ವರ್ಕ್ ಇದೆ ಅಂತಿದ್ದಾಗ ನಿನಗೆ ತುಂಬಾ ಬೇಜಾರಾಗ್ತಿತ್ತಾ?”