ಎರಡು ಸುತ್ತಿನ ಗಂಟು

ಫೈಲಿನಲ್ಲಿ ಅಂಕಪಟ್ಟಿ ಇರಲಿಲ್ಲ.

ಹುಡುಗಿ ಮತ್ತೊಮ್ಮೆ ಹುಡುಕಿದಳು. ಅರ್ಜಿ ಇತ್ತು. ಫೋಟೋ ಇತ್ತು. ಶಾಲೆ ಕೊಟ್ಟ ಮೂಲ ಅಂಕಪಟ್ಟಿ ಮಾತ್ರ ಮಾಯ.

"ಅದಿಲ್ದೆ ಸಂದರ್ಶನ ಇಲ್ಲಮ್ಮ," ಎಂದರು ಮ್ಯಾನೇಜರ್, ಫೈಲಿನ ದಾರವನ್ನು ಉಗುರಿನಿಂದ ಕೆದಕಿ ಬಿಚ್ಚಿದ್ದ ಸಿಟ್ಟಿನಲ್ಲೇ. "ಮಧ್ಯಾಹ್ನ ಎರಡರವರೆಗೆ ಕಾಯ್ತೀನಿ."

ಅದು ಯಂತ್ರದ ಬಿಡಿಭಾಗಗಳ ಗೋದಾಮು. ಬೇಕಿದ್ದದ್ದು ನಿವೃತ್ತಿಯಾಗುವವರ ಜಾಗಕ್ಕೆ ಒಬ್ಬ ಸ್ಟೋರ್ ಗುಮಾಸ್ತ. ಬಂದವರು ಒಂಬತ್ತು ಮಂದಿ. ಎಂಟು ಮಂದಿಯ ಜೊತೆ ಅಪ್ಪನೋ ಅಣ್ಣನೋ ಇದ್ದರು. ಅವಳ ಪಕ್ಕದ ಕುರ್ಚಿ ಖಾಲಿ. ಅವಳಿಗೆ ಅಪ್ಪ ಅಮ್ಮ ಇಲ್ಲ. ಸಾಕಿದ ಸೋದರತ್ತೆ ತಿಂಗಳ ಕೊನೆಗೆ ಮಗನ ಊರಿಗೆ ಹೊರಟಿದ್ದಳು. "ಶಾಲೆ ಮುಗೀತಲ್ಲ, ಇನ್ನು ನಿನ್ನ ದಾರಿ ನೀನೇ ನೋಡ್ಕೋಬೇಕು ಕಣೇ," ಎಂದಿದ್ದಳು. ಕೆಲಸ ಸಿಕ್ಕರೆ ಹಾಸ್ಟೆಲ್ಲಿನಲ್ಲೊಂದು ಮಂಚ. ಸಿಗದಿದ್ದರೆ? ಅದರಾಚೆಗೆ ಅವಳು ಯೋಚಿಸಿರಲಿಲ್ಲ.

* * *

ಫೈಲುಗಳನ್ನು ಬಾಗಿಲಲ್ಲೇ ತೆಗೆದುಕೊಂಡು ಮೇಜಿನ ಮೇಲಿಟ್ಟವನು ಕಾವಲುಗಾರ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಳ್ಳೋ ಪೈಕಿ ಅಲ್ಲ ನಾನು," ಎಂದ ಅವನು.

"ನಿಮ್ಮನ್ನ ಅಂತಿಲ್ಲ ಅಣ್ಣಾ. ಮೇಜಿನ ಹತ್ರ ಇನ್ಯಾರು ಬಂದಿದ್ರು?"

"ಆ ಕೆಂಪು ಚೀಲದ ಹುಡುಗಿ. ಪೆನ್ನು ಕೇಳೋಕೆ. ಆಮೇಲೆ ಹಳೇ ಗುಮಾಸ್ತರು. ಫೈಲುಗಳನ್ನ ಸಾಲಾಗಿ ಜೋಡಿಸಿಟ್ರು." ಅವನು ದನಿ ತಗ್ಗಿಸಿದ. "ಇದೇನು ಹೊಸದಲ್ಲ. ಹೋದ ವರ್ಷ ಎರಡು ಸಲ ಸಂದರ್ಶನಕ್ಕೆ ಕರೆದಾಗ್ಲೂ ಚೆನ್ನಾಗಿ ಅಂಕ ತಗೊಂಡ ಒಬ್ಬೊಬ್ಬರ ಅಂಕಪಟ್ಟಿ ಕಾಣೆಯಾಯ್ತು. ಉಳಿದೋರು ಸಾಹೇಬ್ರಿಗೆ ಹಿಡಿಸ್ಲಿಲ್ಲ. ಕೆಲಸ ಹಾಗೇ ಉಳೀತು."

ಕೆಂಪು ಚೀಲದ ಹುಡುಗಿ ಚೀಲವನ್ನು ಎದೆಗವಚಿಕೊಂಡು ಕೂತಿದ್ದಳು.

"ಒಮ್ಮೆ ತೋರಿಸ್ತೀಯಾ?"

ಅವಳ ಕಣ್ಣು ತುಂಬಿತು. ಫೈಲಿಗೆ ಹಾಕದೆ ಬಚ್ಚಿಟ್ಟಿದ್ದ ತನ್ನದೇ ಅಂಕಪಟ್ಟಿಯನ್ನು ಚೀಲದಿಂದ ತೆಗೆದಳು. ಗಣಿತ: ಮೂವತ್ತಾರು. "ಯಾರಿಗೂ ಹೇಳ್ಬೇಡ. ಮೊನ್ನೆ ತಾನೇ ಬಂದ ಫಲಿತಾಂಶ."

ಹೋದ ವರ್ಷ ಇವಳಿನ್ನೂ ಶಾಲೆಯಲ್ಲಿದ್ದಳು. ಇವಳಲ್ಲ.

ಹಳೇ ಗುಮಾಸ್ತರು ನೀರಿನ ಲೋಟ ಹಿಡಿದು ಬಂದರು. ಬೆಳಗಿನಿಂದ ಯಾರಾದರೂ ಅವಳನ್ನು ವಿಚಾರಿಸಿಕೊಂಡದ್ದು ಅದೇ ಮೊದಲು.

"ಕುಡಿಯಮ್ಮ. ಗಣಿತದಲ್ಲಿ ತೊಂಬತ್ತೇಳು ತಗೊಂಡೋಳಿಗೆ ಇದಲ್ದಿದ್ರೆ ಇನ್ನೊಂದು ಕೆಲಸ."

ಅವಳು ನೀರು ಕುಡಿದಳು. ಲೋಟ ಹಿಂತಿರುಗಿಸಿದಳು.

ಗುಮಾಸ್ತರ ಹಿಂದೆ ಸ್ಟೋರಿನ ಬಾಗಿಲು ತೆರೆದಿತ್ತು. ಒಳಗೆ ಬೋಲ್ಟಿನ ಪೊಟ್ಟಣಗಳು ಸಾಲುಸಾಲಾಗಿದ್ದವು. ಎಲ್ಲದಕ್ಕೂ ಒಂದೇ ಬಗೆಯ ಗಂಟು.

* * *

"ಮೂವತ್ತೊಂದು ವರ್ಷ ಇಲ್ಲಿದ್ದೋರು ಆ ಗುಮಾಸ್ತರು," ಎಂದರು ಮ್ಯಾನೇಜರ್. "ಯೋಚಿಸಿ ಮಾತಾಡು."

ಹುಡುಗಿ ಫೈಲಿನ ದಾರ ಎತ್ತಿ ತೋರಿಸಿದಳು.

"ನಾನು ಕಟ್ಟಿದ್ದು ಎಳೆದ್ರೆ ಬಿಚ್ಚೋ ಸಡಿಲ ಗಂಟು ಸಾರ್. ನೀವು ಉಗುರಿಂದ ಬಿಚ್ಚಿದ್ರಿ. ದಾರ ಎರಡು ಸುತ್ತು ಸುತ್ತಿ, ತುದಿ ಒಳಗೆ ತೂರಿಸಿತ್ತು. ಸ್ಟೋರಲ್ಲಿರೋ ಪೊಟ್ಟಣಕ್ಕೆಲ್ಲ ಅದೇ ಗಂಟು. ಮತ್ತೆ ನನ್ನ ಅರ್ಜೀಲಿ ಒಟ್ಟು ಅಂಕ ಮಾತ್ರ ಬರ್ದಿದ್ದೆ. ಗಣಿತದಲ್ಲಿ ತೊಂಬತ್ತೇಳು ಅಂತ ಅಂಕಪಟ್ಟಿ ನೋಡ್ದೋರಿಗೆ ಮಾತ್ರ ಗೊತ್ತು."

"ಅವರಿಗೇನು ಲಾಭ?"

"ಹೊಸಬರು ಬರೋವರೆಗೆ ಹಳಬರು ಇರ್ಬೇಕಲ್ಲ ಸಾರ್. ಅದಕ್ಕೇ ಪ್ರತಿ ಸಲ ಹೆಚ್ಚು ಅಂಕದೋರದ್ದೇ ಕಾಣೆಯಾಗಿದ್ದು."

ಬಾಗಿಲಲ್ಲಿ ನಿಂತಿದ್ದ ಗುಮಾಸ್ತರು, "ಸಾಕು," ಎಂದರು.

ಅವರೇ ಹೋಗಿ ತಂದರು. ಮೂರು ಅಂಕಪಟ್ಟಿಗಳು. ಒಂದಕ್ಕೂ ಸುಕ್ಕು ಬಿದ್ದಿರಲಿಲ್ಲ.

"ಹರಿಯೋಕೆ ಮನಸ್ಸು ಬರ್ಲಿಲ್ಲ," ಎಂದರು ಗುಮಾಸ್ತರು, ಮ್ಯಾನೇಜರರ ಮುಖ ನೋಡದೆ. "ಹೆಂಡ್ತಿ ತೀರ್ಕೊಂಡ್ಮೇಲೆ ಮನೇಲಿ ಮಾತಿಲ್ಲ ಸಾರ್. ಇಲ್ಲಾದ್ರೆ ದಿನಕ್ಕೆ ಇಪ್ಪತ್ತು ಸಲ ಯಾರಾದ್ರೂ ಕರೀತಾರೆ."

ಮ್ಯಾನೇಜರ್ ಪೊಲೀಸರಿಗೆ ಹೇಳಲಿಲ್ಲ. ಆ ಗಳಿಗೆಯಲ್ಲೇ ಗುಮಾಸ್ತರನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದರು.

* * *

ಕೆಲಸ ಹುಡುಗಿಗೇ ಸಿಕ್ಕಿತು. ಅವಳು ಮಾಡಿದ ಮೊದಲ ಕೆಲಸ, ಉಳಿದೆರಡು ಅಂಕಪಟ್ಟಿಗಳನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದು. ಆ ಇಬ್ಬರು ಕಳೆದುಕೊಂಡ ವರ್ಷವನ್ನು ಯಾವ ಲಕೋಟೆಯಲ್ಲಿ ಹಾಕುವುದೋ ಅವಳಿಗೆ ತಿಳಿಯಲಿಲ್ಲ.

ಸ್ಟೋರಿನಲ್ಲಿ ನಲವತ್ತು ಸಾಲು. ಕಲಿಸುವವರಿಲ್ಲ. ಕೂತು ಉಣ್ಣಲು ಜೊತೆಯೂ ಇಲ್ಲ. ಮೂರನೇ ದಿನ ಮಧ್ಯಾಹ್ನ ವಿಳಾಸ ಕೇಳಿಕೊಂಡು ಹೋಗಿ ಒಂದು ಬಾಗಿಲು ತಟ್ಟಿದಳು.

ಗುಮಾಸ್ತರು ಬಾಗಿಲು ತೆಗೆದರು.

"ಮುಕ್ಕಾಲಿಂಚಿನ ವಾಷರ್ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ ಸಾರ್."

ಗುಮಾಸ್ತರು ಬೆರಳು ಮಡಿಸಿ ಎಣಿಸಿದರು.

"ಏಳನೇ ಸಾಲು. ಕೆಳಗಿನ ಅರೆ."

ಒಳಗೆ ಬಾ ಎನ್ನಲಿಲ್ಲ. ಬಾಗಿಲನ್ನೂ ಮುಚ್ಚಲಿಲ್ಲ.