ಒಂಬತ್ತು ಐದು, ಬೆಳಕು ಬಂತು

ಎರಡು ವರ್ಷದಿಂದ ಒಂದೇ ಒಂದು ಮಾತಾಡದವನು ಇಂದು ಕುರ್ಚಿ ಎಳೆದುಕೊಂಡು ಎದುರಿಗೇ ಕೂತಾಗ ಅವಳ ಎದೆ ಧಸಕ್ಕೆಂದಿತು.

ಛೆ! ಇಂಥವನಿಗೂ ಎದೆ ಬಡಿದುಕೊಳ್ಳಬೇಕೇ?

ಅವಳ ಬ್ಯಾಗಿನಲ್ಲಿ ರಾಜೀನಾಮೆ ಪತ್ರವಿತ್ತು. ಸಂಜೆ ಐದಕ್ಕೆ ಅದನ್ನು ದೊಡ್ಡ ಮೇಡಂ ಕೈಗಿಟ್ಟರೆ ಈ ಪ್ರಯೋಗಾಲಯದ ಋಣ ತೀರಿತು, ಈ ಮನುಷ್ಯನದೂ ತೀರಿತು. ದಣಿದಿದ್ದಳು ಪಾಪ... ಕಣ್ಣು, ಸೊಂಟ, ಮನಸ್ಸು ಎಲ್ಲವೂ ಸೋತಿದ್ದವು.

ಕೆಲಸವೇ ಅಂಥದ್ದು. ಬೆಳಿಗ್ಗೆ ಅವಳು ಬಂದು ಹಚ್ಚಿದೊಡನೆ ಅವಳ ಕೋಣೆಯ ಲೇಸರ್ ಒಂದು ಹರಳಿನೊಳಗೆ ಹಾಯ್ದು ಬೆಳಕಿನ ಅವಳಿ ಕಣಗಳನ್ನು ಹುಟ್ಟಿಸುತ್ತಿತ್ತು. ಒಂದನ್ನು ಅವಳು ಅಲ್ಲೇ ಅಳೆಯುತ್ತಿದ್ದಳು. ಇನ್ನೊಂದು ಗಾಜಿನ ಎಳೆಯೊಳಗೆ ರಸ್ತೆ ದಾಟಿ ಎದುರು ಕಟ್ಟಡದಲ್ಲಿದ್ದ ಅವನ ಕೋಣೆಗೆ ಹೋಗುತ್ತಿತ್ತು. ಇಬ್ಬರೂ ಅಳತೆಗಳನ್ನು ತಂತಮ್ಮ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಒಬ್ಬರದೇ ಪುಸ್ತಕ ನೋಡಿದರೆ ಬರೀ ತಲೆಬುಡವಿಲ್ಲದ ಅಂಕಿಗಳು. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಅವಳಿಗಳ ನಂಟು ಕಾಣುವುದು. ಹಾಗೆ ಇಡುವ ದಿನ ಇಂದು ಬಂದಿತ್ತು.

ಮೊದಲ ವಾರ ಮೆಟ್ಟಿಲ ಮೇಲೆ ಎದುರಾದಾಗ ಅವಳೇ ನಕ್ಕು, "ಕಾಫಿಗೆ ಬರ್ತೀರಾ?" ಎಂದಿದ್ದಳು. ಅವನು ದೆವ್ವ ಕಂಡವನಂತೆ ತಿರುಗಿ ನಡೆದಿದ್ದ! ಅಮ್ಮನ ಆಪರೇಷನ್ನಿಗೆಂದು ಮೂರು ದಿನ ರಜೆ ಹಾಕಿ ಬಂದಾಗ ವಾಚ್‌ಮನ್ ಕೂಡ, "ಅಮ್ಮ ಹೇಗಿದಾರೆ?" ಅಂತ ವಿಚಾರಿಸಿದ್ದ. ಇವನು? ಊಹೂಂ. ಮೌನಿಬಾಬಾ!

"ನಿಮ್ಮ ಪುಸ್ತಕದ ಷರಾ ಓದಿ," ಎಂದಳು ಗಡುಸಾಗಿ. "ಬೆಳಕು ಸರಿಯಾಗಿ ಬರದ ದಿನಗಳ ಲೆಕ್ಕ ಬಿಡಬೇಕು."

"ಬೇರೆ ಯಾರಾದ್ರೂ ಓದಿದ್ರೆ... ಆಗಲ್ವಾ?"

"ಬರೆಯೋಕೆ ಬಂದಿತ್ತಲ್ಲ!" ಎಂದು ಪುಸ್ತಕವನ್ನು ತಾನೇ ಕಿತ್ತುಕೊಂಡಳು.

'9.05. ಬೆಳಕು ಬಂತು.' ಪುಟ ತಿರುವಿದರೂ ಅದೇ. '9.05. ಬೆಳಕು ಬಂತು.'

'9.20. ಬೆಳಕು ತಡ. ಹೊರಗೆ ಮಳೆ. ಕೊಡೆ ಇತ್ತೋ ಇಲ್ಲವೋ.'

ಅವಳ ಬೆರಳು ನಿಂತಿತು. ಮುಂದೆ ಇನ್ನೊಂದು ಪುಟ...

'ಹತ್ತಾದರೂ ಬೆಳಕಿಲ್ಲ. ಅವರ ತಾಯಿಗೆ ಆಪರೇಷನ್ ಅಂತೆ. ಬಂದ ಕೂಡಲೇ ಕೇಳಿ ತಿಳಿಸಲು ವಾಚ್‌ಮನ್‌ಗೆ ಹೇಳಿದ್ದೇನೆ.'

ಅವಳು ತಲೆಯೆತ್ತಿದಳು.

"ವಾಚ್‌ಮನ್‌ನ ನೀವು ಕಳಿಸಿದ್ದಾ?"

ಅವನು ತಲೆಯಾಡಿಸಿದ.

"ನೀವೇ ಬಂದು ಕೇಳೋಕೆ ಏನು ಧಾಡಿಯಾಗಿತ್ತು?"

"ಮೇಡಂ ಹೇಳಿದ್ರಲ್ಲ... ಪುಸ್ತಕ ಮುಚ್ಚೋವರೆಗೂ ಆ ಕಡೆಯವರ ಹತ್ರ ಮಾತಾಡಬೇಡಿ ಅಂತ."

"ಅಯ್ಯೋ ದೇವರೇ! ಅಂಕಿ ಬಗ್ಗೆ ಮಾತಾಡಬೇಡಿ ಅಂದಿದ್ದು ರೀ! ಕಾಫಿ ಕುಡೀಬೇಡಿ ಅಂದ್ರಾ?"

ಅವನ ಮುಖ ಸಪ್ಪಗಾಯಿತು. "ನಿಮ್ಮೆದುರು ಕೂತ್ರೆ ನನ್ನ ಬಾಯಲ್ಲಿ ಏನೂ ನಿಲ್ತಿರಲಿಲ್ಲ. ಒಂದು ಅಂಕಿ ಬಾಯಿಜಾರಿದ್ರೂ ಪ್ರಯೋಗ ಕೆಟ್ಟು ನಿಮ್ಮ ಕಷ್ಟವೆಲ್ಲ ನೀರಲ್ಲಿ ಹೋಮ..."

ಅಲ್ಲ, ಇಂಥ ಪೆದ್ದನನ್ನು ಏನೆಂದು ಬಯ್ಯುವುದು! ಅವಳಿಗೆ ನಗು ಬಂತು. ಅದರ ಬೆನ್ನಿಗೇ ಅಳು.

"ನಾನು ನಿಮಗೆ ಬೇಡ ಅಂದ್ಕೊಂಡೆ. ಕಾದು ಕಾದು ಸಾಕಾಗಿ ರಾಜೀನಾಮೆ ಬರೆದಿದೀನಿ. ಐದಕ್ಕೆ ಕೊಡ್ತೀನಿ."

ಅವನು ಗಡಿಯಾರ ನೋಡಿದ. ನಾಲ್ಕೂ ನಲವತ್ತು. ಕೈ ಅಭ್ಯಾಸಬಲದಿಂದ ಪೆನ್ನಿನ ಕಡೆಗೆ ಹೋಯಿತು. ಅವಳು ಆ ಕೈಯನ್ನು ಹಿಡಿದುಕೊಂಡಳು.

"ಬರೀಬೇಡಿ. ಬಾಯ್ಬಿಟ್ಟು ಹೇಳಿ."

"ಹೋಗಬೇಡಿ..." ಅವನ ದನಿ ಒಡೆಯಿತು. "ನಿಮ್ಮನ್ನ ಪ್ರೀತಿಸ್ತೀನಿ. ಆ ಮೆಟ್ಟಿಲಿಂದಲೇ."

ಎರಡು ವರ್ಷ ಹೊತ್ತಿದ್ದ ಭಾರವನ್ನು ಯಾರೋ ಇಳಿಸಿಕೊಂಡಂತಾಯಿತು. ಅವಳು ಮೇಜಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಅವನ ಕೈ ಮಾತ್ರ ಬಿಡಲಿಲ್ಲ.

"ತುಂಬಾ ಸುಸ್ತಾಗಿದೆ ನಂಗೆ. ಉಳಿದಿದ್ದನ್ನ ನೀವು ಓದಿ."

"ಎಲ್ಲಾನೂ? ಇನ್ನೂ ಒಂದು ವರ್ಷದ್ದಿದೆ!"

"ಎಲ್ಲಾನೂ."

ಅವನು ಪುಸ್ತಕ ಎಳೆದುಕೊಂಡ. "ಒಂಬತ್ತು ಐದು. ಬೆಳಕು ಬಂತು."

"ಹೂಂ... ಆಮೇಲೆ?"

"ಒಂಬತ್ತು ಐದು. ಬೆಳಕು ಬಂತು."

ಗಡಿಯಾರ ಐದು ಬಾರಿಸಿತು. ಬ್ಯಾಗಿನ ಕಡೆ ಯಾರೂ ನೋಡಲಿಲ್ಲ.

"ಆಮೇಲೆ?"