ಸೀಸರ್ ದಾಟದ ಹೊಳೆ

ಪ್ರಾಚೀನ ರೋಮಿನ ರಾಜ್ಯಾಡಳಿತದ ಬಗ್ಗೆ ಮೌನೇಶ ವರ್ಷಗಟ್ಟಲೆ ಕೂತು ಬರೆದ ಪುಸ್ತಕ ಗದಗಿನಲ್ಲಿ ಬಿಡುಗಡೆಯಾದಾಗ, ಮುಖಪುಟದ ಮೇಲೆ ನೀಲಪ್ಪನ ಹೆಸರಿತ್ತು. ನೀಲಪ್ಪ ಊರಿನ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷ. ಮೌನೇಶ ಅಲ್ಲಿ ಇತಿಹಾಸದ ಮಾಸ್ತರ. ಸಭೆಯಲ್ಲಿ ಹಾರದ ತಾಟು ಹಿಡಿದು ನಿಂತವನೂ ಅವನೇ. “ನಮ್ಮ ಮಾಸ್ತರು ಪ್ರೂಫ್ ಭಾಳ ಚಲೋ ನೋಡ್ತಾರ್ರಿ,” ಎಂದು ನೀಲಪ್ಪ ಹೊಗಳಿದ. ಜನ ಚಪ್ಪಾಳೆ ತಟ್ಟಿದರು.

ವಿಧಾನಸಭೆ ಚುನಾವಣೆ ಹತ್ತಿರವಾದಾಗ ಮೌನೇಶ ನಗುನಗುತ್ತಲೇ ನೀಲಪ್ಪನ ತಲೆಯಲ್ಲಿ ಹುಳ ಬಿಟ್ಟ. “ಸೀಸರ್ ಗಡಿ ಹೊಳಿ ದಾಟಿದ, ರೋಮ್ ಅವನ ಕೈಗೆ ಬಂತ್ರಿ ಸಾಹೇಬ್ರ. ನೀವೂ ಕೊರ್ಲಹಳ್ಳಿಯಾಗ ಹೊಳಿ ದಾಟಿ ಬಂದು, ದಂಡಿ ಮ್ಯಾಲ ನಿಂತು ಚುನಾವಣೆಗೆ ನಿಲ್ತೀನಿ ಅನ್ರಿ.”

“ಹರಗೋಲು ಯಾರು ನಡಸ್ತಾರ?”

“ನಾನ ಅದೀನಲ್ರಿ. ಅದ ಊರಾಗ ಹುಟ್ಟಿದಾಂವ.”

ನೀಲಪ್ಪನಿಗೆ ಈಜು ಬಾರದು.

ಸೀಸರನನ್ನು ಕೊಂದವರ ತಪ್ಪು ಮೌನೇಶನಿಗೆ ಬಾಯಿಪಾಠವಾಗಿತ್ತು. ಅಷ್ಟು ಮಂದಿಯನ್ನು ಸೇರಿಸಿಕೊಂಡರು. ಕೊಂದ ಮೇಲೆ ತಾವೇ ಕೊಂದೆವೆಂದು ಬೀದಿಯಲ್ಲಿ ಸಾರಿದರು. ಇವನಿಗೆ ಜೊತೆಗಾರರು ಬೇಡ, ಕತ್ತಿ ಬೇಡ. ಮಡುವಿನ ಮೇಲೆ ಹರಗೋಲು ವಾಲಿದರೆ ಸಾಕು. ದಂಡೆಯ ಜನವೆಲ್ಲ ಕಣ್ಣಾರೆ ನೋಡಲಿ. ಅವರೇ ಅಪಘಾತಕ್ಕೆ ಸಾಕ್ಷಿ. ಹೊಳೆಯೊಳಗಿನ ಕೂಗು ದಂಡೆಗೆ ಕೇಳಿಸಬಾರದೆಂದು ಸೊರಟೂರಿನಿಂದ ಡೊಳ್ಳಿನವರನ್ನು ಕರೆಸಿದ.

ಅಂದುಕೊಂಡಂತೆಯೇ ಆಯಿತು. ಆಚೆ ದಂಡೆಯಿಂದ ನೀಲಪ್ಪ ಕೈಮುಗಿದುಕೊಂಡು ಹೊರಟ. ಈಚೆ ದಂಡೆಯಲ್ಲಿ ಡೊಳ್ಳು ಮೊಳಗುತ್ತಿತ್ತು, ವಿಡಿಯೋ ತೆಗೆಯಲು ಬಂದ ಅಯ್ಯೂಬ ಕ್ಯಾಮೆರಾ ಹೂಡಿ ನಿಂತಿದ್ದ. ನಡುಹೊಳೆಯಲ್ಲಿ ಮೌನೇಶ ಹುಟ್ಟು ಎತ್ತಿಟ್ಟ. ಇಷ್ಟು ವರ್ಷ ನುಂಗಿಕೊಂಡದ್ದನ್ನು ಹೇಳದೆ ಮುಗಿಸಲು ಮನಸ್ಸು ಬರಲಿಲ್ಲ.

“ಆ ಪುಸ್ತಕ ಯಾರು ಬರದಾರ್ರಿ?”

“ನೀವ ಬರದದ್ದು. ಈಗ್ಯಾಕ ಆ ಮಾತು?”

“ನಿಮ್ಮನ್ನ ಇಲ್ಲೇ ಮುಳಗಸ್ತೀನಿ. ಅದಕ್ಕ ಕೇಳಿದೆ.”

ನೀಲಪ್ಪ ಕೂಗಿದ. ಡೊಳ್ಳು ಆ ಕೂಗನ್ನು ನುಂಗಿತು. ಮೌನೇಶ ಅಂಚಿನ ಮೇಲೆ ಭಾರ ಹಾಕಿದ.

ಈಜಿ ದಂಡೆ ಸೇರಿದ ಮೌನೇಶನಿಗೆ ಯಾರೋ ಟವೆಲ್ ಹೊದಿಸಿದರು. “ಹರಗೋಲು ವಾಲಿಬಿಡ್ತು. ಸಾಹೇಬ್ರು ಕೈಗೆ ಸಿಗಲಿಲ್ಲ,” ಎಂದು ಅತ್ತ. ಡೊಳ್ಳು ನಿಂತಿತ್ತು, ಆದರೆ ಸಮಾಧಾನ ಹೇಳಲು ಒಬ್ಬರೂ ಮುಂದೆ ಬರಲಿಲ್ಲ. ಅಯ್ಯೂಬ ಕಿವಿಯ ಹೆಡ್‌ಫೋನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. “ಮಾಸ್ತರ,” ಎಂದ ಅವನು, ಮುಖ ನೋಡದೆ, “ಭಾಷಣಕ್ಕ ಬೇಕಂತ ಮುಂಜಾನೆ ಕಾರಿನ್ಯಾಗ ಸಾಹೇಬ್ರ ಜುಬ್ಬಾದೊಳಗ ಸಣ್ಣ ಮೈಕ್ ಸಿಗಿಸಿದ್ನಿರಿ. ಹೊಳ್ಯಾಗ ನೀವು ಅಂದದ್ದೆಲ್ಲಾ ಕೇಳ್ಸೇತಿ. ನನಗಷ್ಟ ಅಲ್ರಿ, ಮಂದಿ ಫೋನಿನ್ಯಾಗ ಲೈವ್ ನಡದಿತ್ತು.”